ಯಾರ ನೆಂಟರೂ ಅಲ್ಲದ ಊರಿನಲ್ಲಿ

ಜನವರಿ 5, 2025, ಭಾನುವಾರ

“ಅಷ್ಟು ದುಡ್ಡು ಸುರಿದು ಯಾವುದೋ ಮೆಕ್ಸಿಕೊಗೆ ಹೋಗುವ ಬದಲು ಊರಿಗೇ ಬರಬಹುದಿತ್ತಲ್ಲ ಅಕ್ಕಾ?” ಹೊನ್ನಾವರದಿಂದ ತಮ್ಮ ಈ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ನಾವು ಟೊರಾಂಟೊ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿನಲ್ಲಿ ನಿಂತಿದ್ದೆವು. ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಊರಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಮೂರು ಮದುವೆ, ಎರಡು ಗೃಹಪ್ರವೇಶ, ಒಂದು ವೈಕುಂಠ ಸಮಾರಾಧನೆ. ಯಾರ ಮನೆಗೆ ಮೊದಲು ಹೋದೆ, ಯಾರ ಮನೆಯಲ್ಲಿ ಬರೀ ಚಹಾ ಕುಡಿದು ಎದ್ದೆ, ಯಾವ ನಾದಿನಿಗೆ ಎಂಥ ಸೀರೆ ಕೊಟ್ಟೆ ಎಂಬ ಲೆಕ್ಕ ನಾನು ಮರಳಿ ವಿಮಾನ ಹತ್ತಿದ ಮೇಲೂ ಎರಡು ವರ್ಷ ನಡೆಯುತ್ತದೆ. ಅಪ್ಪನ ಮನೆ ಪಾಲಾಗಿದೆ. ಯಾವ ಪಾಲಿನಲ್ಲಿ ಮಲಗಿದರೂ ಇನ್ನೊಂದು ಪಾಲಿಗೆ ಬೇಸರ. ಇವರ ಕಡೆ, ಹಾಸನದಲ್ಲಿ, ತೆಂಗಿನ ತೋಟದ ಬೇಲಿಯ ತಕರಾರಿಗೆ ಈಗ ಹದಿನಾಲ್ಕು ವರ್ಷ. ನಮ್ಮಿಬ್ಬರ ವಯಸ್ಸು ಕೂಡಿಸಿದರೆ ನೂರಾ ಮೂವತ್ತಾರು. ಇವರ ಎಡ ಮೊಣಕಾಲು ಮೈನಸ್ ಹತ್ತರ ಚಳಿಯಲ್ಲಿ ಮಡಚುವುದಿಲ್ಲ. ಸಮುದ್ರವಿರಬೇಕು, ಬಿಸಿಲಿರಬೇಕು, ನಾವು ಯಾರ ನೆಂಟರೂ ಆಗಿರಬಾರದು. ಅಂಥ ಊರು ಹುಡುಕಿದೆವು.

ಇವರು ಹೊಸ ನೋಟ್‌ಬುಕ್ ತಂದಿದ್ದಾರೆ. ಮೊದಲ ಪುಟದಲ್ಲಿ ದಿನಗಳ ಲೆಕ್ಕ. ವರ್ಷದಲ್ಲಿ 212 ದಿನಗಳಿಗಿಂತ ಹೆಚ್ಚು ಹೊರಗಿದ್ದರೆ ಒಂಟಾರಿಯೊ ಪ್ರಾಂತ್ಯದ ಆರೋಗ್ಯ ವಿಮೆ ಕೈಬಿಟ್ಟುಹೋಗಬಹುದು, ನಮ್ಮದು 75. ಮೆಕ್ಸಿಕೊದವರು ಪ್ರವಾಸಿಗೆ ಹೆಚ್ಚೆಂದರೆ 180 ದಿನ ಕೊಡುತ್ತಾರೆ, ನಮ್ಮದು 75. ಎರಡೂ ಕಡೆ ಅಡಿಗೆರೆ ಎಳೆದು ಟಿಕ್ ಹಾಕಿದ್ದಾರೆ. ನಿವೃತ್ತರಾಗಿ ಐದು ವರ್ಷವಾದರೂ ಇಂಜಿನಿಯರ್ ಇಂಜಿನಿಯರೇ.

ಮೆಕ್ಸಿಕೊದ ಪಶ್ಚಿಮ ಕರಾವಳಿಯ ಪ್ವೆರ್ತೊ ವಯಾರ್ತಾದವರೆಗೆ ಐದೂವರೆ ಗಂಟೆ ವಿಮಾನ. ಅಲ್ಲಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಬಸ್ಸು, ಆಗುಂಬೆ ಘಾಟಿಯನ್ನು ಎಳೆದು ಐದು ಗಂಟೆ ಉದ್ದ ಮಾಡಿದ ಹಾಗೆ. ಪ್ರತಿ ಹಳ್ಳಿಯ ಬಾಯಲ್ಲೂ ಸೊಂಟ ಮುರಿಯುವ ರಸ್ತೆ ಉಬ್ಬು. ಕತ್ತಲಾಗುವ ಹೊತ್ತಿಗೆ ಮೆಲಾಕೆ, ನಾವು ಹುಡುಕಿದ ಊರು. ಬಸ್ಸಿನಿಂದ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ಒಣಮೀನು, ಡೀಸೆಲ್, ಉಪ್ಪುಗಾಳಿ. ಕಣ್ಣು ಮುಚ್ಚಿದ್ದರೆ ಕಾಸರಕೋಡಿನ ಬಂದರು ಎನ್ನುತ್ತಿದ್ದೆ.

ಜನವರಿ 6, ಸೋಮವಾರ

ಮನೆಯೊಡತಿ ವಿಧವೆ, ನನ್ನದೇ ವಯಸ್ಸು. ಅವಳನ್ನು ಸೆನ್ಯೋರಾ ಎಂದಷ್ಟೇ ಕರೆಯುತ್ತೇನೆ. ಮಗ ಮನ್ಸನಿಯೊ ಬಂದರಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ಸೊಸೆಗೆ ಐದು ತಿಂಗಳು. ಅಂಗಳದ ಆಚೆ ಅವರ ಮನೆ, ಈಚೆ ನಮ್ಮ ಒಂದು ಕೋಣೆ, ಒಂದು ಅಡುಗೆಮನೆ. ಸಮುದ್ರಕ್ಕೆ ಎರಡೇ ಓಣಿ.

ಇಂದು ಮೂವರು ರಾಜರ ಹಬ್ಬ. ಏಸು ಹುಟ್ಟಿದಾಗ ಕಾಣಿಕೆ ತಂದವರ ನೆನಪಿಗೆ ರೋಸ್ಕಾ ಎಂಬ ಉಂಗುರದಂಥ ದೊಡ್ಡ ಸಿಹಿ ಬ್ರೆಡ್ಡನ್ನು ಮನೆಮಂದಿಯೆಲ್ಲ ಸೇರಿ ಕತ್ತರಿಸುತ್ತಾರೆ. ನಮ್ಮನ್ನೂ ಕರೆದರು. ಇವರ ಚಾಕುವಿಗೆ ಏನೋ ಗಟ್ಟಿಯಾಗಿ ತಗುಲಿತು. ಬಿಡಿಸಿ ನೋಡಿದರೆ ಕಿರುಬೆರಳ ಗೆಣ್ಣಿನಷ್ಟು ಬಿಳಿ ಪ್ಲಾಸ್ಟಿಕ್ ಮಗು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಲಾಟರಿ ಹೊಡೆದವರಂತೆ ಎದ್ದು ನಿಂತು ಕೈಮುಗಿದರು. ಆಮೇಲೆ ಸೊಸೆ ಮೊಬೈಲಿನಲ್ಲಿ ಅನುವಾದಿಸಿ ತೋರಿಸಿದಳು: ಮಗು ಸಿಕ್ಕವರು ಫೆಬ್ರವರಿ 2ರಂದು ಎಲ್ಲರಿಗೂ ತಮಾಲೆ ಎಂಬ ಜೋಳದ ತಿಂಡಿ ತಿನ್ನಿಸಬೇಕು. ಬಂದು ಇಪ್ಪತ್ತನಾಲ್ಕು ಗಂಟೆ ಕಳೆದಿಲ್ಲ, ತಲೆಯ ಮೇಲೆ ಒಂದು ಊಟದ ಬಾಕಿ.

ಜನವರಿ 8, ಬುಧವಾರ

ಬುಧವಾರ ಇಲ್ಲಿ ಸಂತೆ. ನೀಲಿ ಟಾರ್ಪಾಲಿನ ನೆರಳಿನಲ್ಲಿ ನಾಲ್ಕು ಬೀದಿ ತುಂಬ ಹರಡಿಕೊಳ್ಳುತ್ತದೆ. ನಾನು ಹೋದದ್ದು ಕೊತ್ತಂಬರಿ ಸೊಪ್ಪಿಗೆ. ಒಂದು ಗಂಟೆ ಕಳೆದರೂ ಮೂರು ಅಂಗಡಿ ದಾಟಿರಲಿಲ್ಲ.

ಮೊದಲು ಕಂಡದ್ದು ಸೀಮೆಬದನೆ. ಇಲ್ಲಿ ಅದರ ಹೆಸರು ಚಯೋತೆ, ಇದು ಅದರ ತವರು. ಯಾವ ಸೀಮೆಯ ಬದನೆ ಎಂದು ಹಾಸನದ ನನ್ನ ಅತ್ತೆಯನ್ನು ಕೇಳಿದ್ದರೆ ಬೆಂಗಳೂರ ಸೀಮೆ ಎನ್ನುತ್ತಿದ್ದರು. ಅದರ ಪಕ್ಕ ಪರಂಗಿ, ಪೇರಲ, ನೆಲಗಡಲೆ, ಸೀತಾಫಲದ ಬಳಗದ ಒಂದು ಹಣ್ಣು, ರಾಶಿ ರಾಶಿ ಮೆಣಸಿನಕಾಯಿ. ಎಲ್ಲವೂ ಅಮೆರಿಕ ಖಂಡಗಳಿಂದ ಹಡಗು ಹತ್ತಿ ನಮ್ಮ ಹಿತ್ತಲಿಗೆ ಬಂದವು. ಕಂದು ಸಿಪ್ಪೆಯ ಹಣ್ಣೊಂದನ್ನು ಮೂಸಿದೆ. ಸಪೋಟ! ಅಜ್ಟೆಕರ ನಾವಾತ್ಲ್ ಭಾಷೆಯ ‘ತ್ಸಾಪೊತ್ಲ್’ ಸ್ಪೇನಿನವರ ಬಾಯಲ್ಲಿ ‘ಸಪೋತೆ’ಯಾಗಿ, ನಮ್ಮ ಬಾಯಲ್ಲಿ ಸಪೋಟವಾಗಿದೆ. ನಾನು ಹುಟ್ಟಿದಾಗಿನಿಂದ ಈ ಜನರ ಒಂದು ಮಾತನ್ನು ಆಡುತ್ತಿದ್ದೆ, ಗೊತ್ತಿರಲಿಲ್ಲ.

ಹುಣಸೆಯದು ಎದುರು ದಾರಿ. ಅದು ನಮ್ಮ ಕಡೆಯಿಂದ ಇಲ್ಲಿಗೆ ಬಂದದ್ದು. ಅರಬರು ಅದನ್ನು ‘ಹಿಂದ್ ದೇಶದ ಖರ್ಜೂರ’ ಎಂದರು, ಆ ‘ತಮ್ರ್ ಹಿಂದಿ’ಯೇ ಇಲ್ಲಿಯ ‘ತಮರಿಂದೊ’. ಪಾನಕ ಮಾಡಿ ದೊಡ್ಡ ಗಾಜಿನ ಜಾಡಿಯಲ್ಲಿ ಇಟ್ಟು ಮಾರುತ್ತಾರೆ.

ನಮ್ಮ ಮುಖ ನೋಡಿ ವ್ಯಾಪಾರಿಗಳೆಲ್ಲ ಸ್ಪ್ಯಾನಿಷ್‌ನಲ್ಲೇ ಶುರುಮಾಡುತ್ತಾರೆ. ಪಕ್ಕದಲ್ಲಿ ಕೆನಡಾದ ಬಿಳಿ ದಂಪತಿ ನಿಂತಿದ್ದರೆ ಅವರೊಡನೆ ಇಂಗ್ಲಿಷ್. ನಾನು ತಬ್ಬಿಬ್ಬಾದಾಗ ಮೆಣಸಿನಕಾಯಿಯವಳು ಕೇಳಿದಳು, “ಹಾಗಾದರೆ ನೀವು ಹಿಂದುಗಳೇ?” ಇವಳೇನು ಜಾತಕ ಕೇಳುತ್ತಿದ್ದಾಳೆ ಎಂದು ಇವರ ಹುಬ್ಬು ಮೇಲೇರಿತು. ಇಲ್ಲಿ ‘ಇಂದಿಯೊ’ ಎಂದರೆ ಇಲ್ಲಿಯ ಮೂಲನಿವಾಸಿ. ಭಾರತದವರು ಯಾರೇ ಆಗಲಿ ‘ಇಂದು’, ಅಂದರೆ ಹಿಂದು. ಮುಸಲ್ಮಾನನಾದರೂ ಕ್ರೈಸ್ತನಾದರೂ ಅಷ್ಟೇ. ಅವಳು ತೂಗಿಕೊಟ್ಟ ಗ್ವಾಹೀಯೊ ಮೆಣಸು ಉದ್ದ, ಕೆಂಪು, ಖಾರ ಕಡಿಮೆ, ಬಣ್ಣ ಹೆಚ್ಚು: ಬ್ಯಾಡಗಿಯ ದೂರದ ದಾಯಾದಿ.

ಜನವರಿ 12, ಭಾನುವಾರ

ರಾತ್ರಿ ಎರಡೂವರೆಗೆ ಮಂಚ ಅಲುಗಿತು. ಇವರು ನನ್ನನ್ನು ಬೈದರು, “ಎಷ್ಟು ಹೊರಳಾಡುತ್ತೀಯೆ!” ಆಮೇಲೆ ಪಾತ್ರೆಗಳು ಸದ್ದು ಮಾಡಿದವು, ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಕೂಗಿದವು, ಸೆನ್ಯೋರಾ ಅಂಗಳದಿಂದ “ಹೊರಗೆ! ಹೊರಗೆ!” ಎಂದು ಕಿರುಚಿದಳು. ಇವರು ಪಂಚೆ ಕಟ್ಟಿಕೊಳ್ಳಲೋ ಓಡಲೋ ಎಂದು ಬಾಗಿಲಲ್ಲಿ ಒಂದು ಗಳಿಗೆ ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಮಾನವೇ ಗೆದ್ದಿತು. ಅಷ್ಟರಲ್ಲಿ ಭೂಮಿ ನಿಂತಿತ್ತು.

ಮಿಚೊಆಕಾನ್ ರಾಜ್ಯದ ಕಡೆ ಕೇಂದ್ರವಂತೆ, ತೀವ್ರತೆ ಆರಕ್ಕಿಂತ ತುಸು ಹೆಚ್ಚು. ನಮ್ಮ ಊರಿನಲ್ಲಿ ಏನೂ ಆಗಲಿಲ್ಲ. ಬೆಳಿಗ್ಗೆ ಎಲ್ಲರೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ ಗುಡಿಸುತ್ತಿದ್ದರು. ಕಡಲ ದಂಡೆಯ ಪಶ್ಚಿಮದ ತುದಿಗೆ ನಡೆದು ಹೋದೆವು. ಅಲ್ಲಿ ಒಂದು ದೊಡ್ಡ ಹೋಟೆಲಿನ ಅವಶೇಷ ನಿಂತಿದೆ. 1995ರ ಅಕ್ಟೋಬರ್ 9ರಂದು ಎಂಟರ ತೀವ್ರತೆಯ ಕಂಪ, ಹಿಂದೆಯೇ ಸುನಾಮಿ. ಅಂದು ಒಡೆದ ಕಟ್ಟಡವನ್ನು ಮತ್ತೆ ಎಬ್ಬಿಸಲಿಲ್ಲ. ಅದರ ನೆರಳಿನಲ್ಲಿ ಮಕ್ಕಳು ಚೆಂಡಾಡುತ್ತಿದ್ದರು.

ತಮ್ಮನ ಫೋನ್. “ಭೂಕಂಪವಂತೆ? ಊರಿಗೇ ಬಂದಿದ್ದರೆ...”

ಜನವರಿ 14, ಮಂಗಳವಾರ

ಸಂಕ್ರಾಂತಿ. ಇವರ ಮನೆಯ ಪದ್ಧತಿ, ಎಳ್ಳುಬೆಲ್ಲ ಬಿಡುವಂತಿಲ್ಲ. ಎಳ್ಳು ಸಿಕ್ಕಿತು, ಕೊಬ್ಬರಿ ಸಿಕ್ಕಿತು, ನೆಲಗಡಲೆಯೂ ಸಿಕ್ಕಿತು. ಬೆಲ್ಲ ಇಲ್ಲಿ ಮೊಟಕು ಶಂಕುವಿನ ಅಚ್ಚಿನಲ್ಲಿ ಬರುತ್ತದೆ, ಪಿಲೊನ್ಸಿಯೊ ಎನ್ನುತ್ತಾರೆ. ಅಡಕತ್ತರಿಯಿಲ್ಲದೆ ಕತ್ತರಿಸುವುದು ಪ್ರಾಣಸಂಕಟ. ಹುರಿಗಡಲೆ ಮಾತ್ರ ಎಲ್ಲಿಯೂ ಇಲ್ಲ. ಸೊಸೆ ಒಂದು ಬಟ್ಟಲು ತಿಂದು ಇನ್ನೊಂದು ಕೇಳಿದಳು. ಬಸುರಿ ಕೇಳಿದ್ದನ್ನು ಇಲ್ಲ ಎನ್ನಲಾಗುತ್ತದೆಯೇ?

ಜನವರಿ 17, ಶುಕ್ರವಾರ

ಇವರಿಗೆ ಉದ್ಯೋಗ ಸಿಕ್ಕಿದೆ: ತೋರ್ತಿಯಾ ತರುವುದು. ಬೆಳಿಗ್ಗೆ ಹತ್ತಕ್ಕೆ ಬಟ್ಟೆಯ ಚೌಕವೊಂದನ್ನು ಮಡಚಿ ಜೇಬಿಗಿಟ್ಟು ಹೊರಡುತ್ತಾರೆ. ಮೂಲೆಯ ಅಂಗಡಿಯಲ್ಲಿ ಕಿರಗುಟ್ಟುವ ಯಂತ್ರದ ಪಟ್ಟಿಯ ಮೇಲೆ ರೊಟ್ಟಿಗಳು ಮೆರವಣಿಗೆ ಬರುತ್ತವೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ಅರೆದ ಹಿಟ್ಟು. ವೀಳ್ಯದೆಲೆಗೆ ಸವರುವ ಅದೇ ಸುಣ್ಣ. ಅದಿಲ್ಲದಿದ್ದರೆ ಜೋಳದೊಳಗಿನ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದಿಲ್ಲ. ಯುರೋಪಿನವರು ಜೋಳವನ್ನು ಕೊಂಡೊಯ್ದು ಸುಣ್ಣವನ್ನು ಇಲ್ಲಿಯೇ ಬಿಟ್ಟರು. ಅದನ್ನೇ ತಿಂದು ಬದುಕಿದ ಬಡವರು ಪೆಲಾಗ್ರ ರೋಗದಿಂದ ಸತ್ತರು. ಅಡುಗೆಯನ್ನು ಕೇಳಿಕೊಳ್ಳದೆ ಬರೀ ದಿನಸಿ ಹೊತ್ತೊಯ್ದರೆ ಹೀಗೇ.

ನನಗೆ ಆ ಅಂಗಡಿಯಲ್ಲಿ ಇಷ್ಟವಾದದ್ದು ಬೇರೆ. ತೂಕಕ್ಕೆ ಹಾಕುವ ಮೊದಲು ಆ ಹುಡುಗಿ ಒಂದು ಬಿಸಿ ತೋರ್ತಿಯಾವನ್ನು ಅಂಗೈ ಮೇಲೆ ಇಟ್ಟು, ಮೂರು ಬೆರಳಲ್ಲಿ ಉಪ್ಪು ಉದುರಿಸಿ, ಸುರುಳಿ ಸುತ್ತಿ, ಕಾಯುತ್ತ ನಿಂತವರ ಕೈಗೆ ಕೊಡುತ್ತಾಳೆ. ಅದಕ್ಕೆ ದುಡ್ಡಿಲ್ಲ. ರೊಟ್ಟಿ ಬಡಿಯುವ ಅಜ್ಜಿ ಒಲೆಯ ಬಳಿ ಕೂತ ಮೊಮ್ಮಗನಿಗೆ ಕೊಡುವ ಹಾಗೆ. ಎಪ್ಪತ್ತು ವರ್ಷದ ಇವರು ಆ ಉಪ್ಪಿನ ಸುರುಳಿಗಾಗಿಯೇ ದಿನವೂ ಅರ್ಧ ಕಿಲೋ ತರುತ್ತಾರೆಂದು ನನ್ನ ಗುಮಾನಿ. ನಮಗೆ ಕಾಲು ಕಿಲೋ ಸಾಕು. ಉಳಿದದ್ದು ಸೆನ್ಯೋರಾಳ ಕೋಳಿಗಳಿಗೆ.

ಜನವರಿ 23, ಗುರುವಾರ

ಪಕ್ಕದ ಬಾರಾ ದೆ ನಾವಿದಾದಿಗೆ ಮರಳಿನ ಮೇಲೆಯೇ ನಾಲ್ಕು ಕಿಲೋಮೀಟರ್ ನಡೆದೆವು. ಇವರ ಮೊಣಕಾಲಿಗೆ ಇದು ದಾಖಲೆ. ದಾರಿಯುದ್ದಕ್ಕೂ ಪೆಲಿಕನ್‌ಗಳು ರೆಕ್ಕೆ ಮಡಚಿ, ಮೇಲಿನಿಂದ ಯಾರೋ ಕೊಡೆ ಎಸೆದ ಹಾಗೆ, ನೀರಿಗೆ ಬೀಳುತ್ತಿದ್ದವು.

ಬಾರಾ ಎಂದರೆ ಮರಳ ದಿಬ್ಬ, ನಾವಿದಾದ್ ಎಂದರೆ ಕ್ರಿಸ್‌ಮಸ್. ಸ್ಪೇನಿನ ವೈಸರಾಯ್ ಒಬ್ಬ 1540ರ ಆ ಹಬ್ಬದ ದಿನ ಇಲ್ಲಿ ಬಂದಿಳಿದನಂತೆ. ಈಗ ಊರು ಇಷ್ಟು ಪುಟ್ಟದು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ನಡುವೆ ಎರಡು ಮೂರು ಬೀದಿ. ಆದರೆ 1564ರ ನವೆಂಬರಿನಲ್ಲಿ ಲೆಗಾಸ್ಪಿ ಎಂಬ ಸ್ಪೇನಿನ ದಳಪತಿಯ ಹಡಗುಗಳು ಫಿಲಿಪ್ಪೀನ್ಸಿಗೆ ಹೊರಟದ್ದು ಈ ನೀರಿನಿಂದ. ಮರುವರ್ಷ ಉರ್ದನೇತಾ ಎಂಬ ಪಾದ್ರಿ ಹಿಂದಿರುಗುವ ಗಾಳಿಯ ದಾರಿಯನ್ನು ಕಂಡುಹಿಡಿದ. ಆಮೇಲೆ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಹಡಗುಗಳು ಓಡಾಡಿದವು. ರೇಷ್ಮೆ, ಪಿಂಗಾಣಿ, ಮಸಾಲೆ, ಭಾರತದ ಹತ್ತಿ ಬಟ್ಟೆ, ಗುಲಾಮರಾಗಿ ಹಿಡಿದು ತಂದ ನಮ್ಮ ಕಡೆಯ ಮನುಷ್ಯರು ಕೂಡ. ಈ ದಂಡೆಯಲ್ಲಿ ಕಣ್ಣು ಹಾಯುವವರೆಗೆ ಇರುವ ತೆಂಗೂ ಫಿಲಿಪ್ಪೀನ್ಸಿನ ತಳಿಯದು. ಇವರು ಒಂದು ಮರವನ್ನು ಬುಡದಿಂದ ಸುಳಿಯವರೆಗೆ ನೋಡಿ, “ಗೊಬ್ಬರ ಸಾಲದು” ಎಂದರು.

ಅಲ್ಲಿಯ ಸಂತ ಅಂತೋನಿಯೊ ಇಗರ್ಜಿಯಲ್ಲಿ ಶಿಲುಬೆಯ ಮೇಲಿನ ಏಸುವಿನ ಕೈಗಳು ಚಾಚಿಕೊಂಡಿಲ್ಲ; ಭುಜದಲ್ಲಿ ಮುರಿದು ಪಕ್ಕಕ್ಕೆ ಜೋತುಬಿದ್ದಿವೆ. 1971ರ ಸೆಪ್ಟೆಂಬರ್ 1ರಂದು ಲಿಲಿ ಚಂಡಮಾರುತ ಅಪ್ಪಳಿಸಿದಾಗ ಜನ ಇಗರ್ಜಿಗೆ ಓಡಿಬಂದರು. ಆ ಗಳಿಗೆಯಲ್ಲಿ ಮೂರ್ತಿಯ ಕೈಗಳು ಕಳಚಿದವು, ಗಾಳಿ ಇಳಿಯಿತು ಎನ್ನುತ್ತಾರೆ. ಅಂದಿನಿಂದ ಕೈ ಸರಿಮಾಡಿಲ್ಲ. ನಮ್ಮಲ್ಲಿ ಮೂರ್ತಿ ಭಿನ್ನವಾದರೆ ಪೂಜೆಗೆ ಬರುವುದಿಲ್ಲ, ಹೊಳೆಗೆ ಬಿಡುತ್ತೇವೆ. ಇಲ್ಲಿ ಭಿನ್ನವಾದದ್ದಕ್ಕೇ ಪೂಜೆ. ನಾನು ತುಂಬ ಹೊತ್ತು ಕೂತಿದ್ದೆ. ಇವರು ಹೊರಗೆ ಎಳನೀರು ಹಿಡಿದು ಎರಡು ಸಲ ಇಣುಕಿ ಹೋದರು.

ಜನವರಿ 29, ಬುಧವಾರ

ದೋಣಿಗಳು ಬರುವ ಹೊತ್ತಿಗೆ ದಂಡೆಗೆ ಹೋದೆ. ಬೆಳ್ಳಿಮೈ, ಪಕ್ಕೆಯಲ್ಲಿ ಚಿನ್ನದ ಚುಕ್ಕೆ, ಕವಲು ಬಾಲ. ಇಸ್ವಾಣ! ಮಂಗಳೂರಿನವರ ಅಂಜಲ್. ಇಲ್ಲಿ ಸಿಯೆರ್ರಾ ಎನ್ನುತ್ತಾರೆ; ಅದೇ ಕುಲ, ಬೇರೆ ಕಡಲಿನ ಕವಲು. ನಾನು ಬಗ್ಗಿ ಕಿವಿರು ಎತ್ತಿದೆ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಕಣ್ಣು ನೋಡಿದೆ. ಮೀನುಗಾರ ತನ್ನ ಜೊತೆಗಾರನಿಗೆ ಏನೋ ಹೇಳಿ ನಕ್ಕ. ಕೆನಡಾದ ಹೆಂಗಸರು ಹೀಗೆ ಮಾಡುವುದಿಲ್ಲವೇನೋ.

ಇದನ್ನು ಕಲಿಸಿದವಳು ಚಿಕ್ಕಮ್ಮ. ಶರಾವತಿಯ ಅಳಿವೆಯ ಹತ್ತಿರದ ಮೀನುಪೇಟೆಗೆ ನನ್ನ ಎಂಟನೆಯ ವಯಸ್ಸಿನಲ್ಲಿ ಕೈಹಿಡಿದು ಕರೆದೊಯ್ದು, “ಮೀನುಗಾರ್ತಿಯ ಬಾಯಿ ನೋಡಬೇಡ, ಮೀನಿನ ಕಣ್ಣು ನೋಡು” ಎಂದವಳು.

ಇಲ್ಲಿಯವರು ಸಿಯೆರ್ರಾವನ್ನು ಹಸಿಯಾಗಿಯೇ ಸಣ್ಣಗೆ ಕೊಚ್ಚಿ, ನಿಂಬೆರಸದಲ್ಲಿ ಬಿಳುಚಿಸಿ, ಕ್ಯಾರೆಟ್ ಸೇರಿಸಿ ಸೆವಿಚೆ ಮಾಡುತ್ತಾರೆ. ಒಳ್ಳೆಯದೇ. ಆದರೆ ನಾನು ಗ್ವಾಹೀಯೊ ಮೆಣಸು, ಕೊತ್ತಂಬರಿ ಬೀಜ, ಹುಣಸೆ ಹಾಕಿ ಸೆನ್ಯೋರಾಳ ಕಲ್ಲಿನ ಒರಳಿನಲ್ಲಿ ಅರೆದು, ತೆಂಗಿನಹಾಲು ಬಿಟ್ಟು ಸಾರು ಮಾಡಿದೆ. ಹಾಸನದ ಮನುಷ್ಯ ಮುಳ್ಳಿಗೆ ಹೆದರಿ ಸಾರನ್ನಷ್ಟೇ ಮೂರು ಸಲ ಬಡಿಸಿಕೊಂಡರು.

ಫೆಬ್ರವರಿ 2, ಭಾನುವಾರ

ತಮಾಲೆಯ ಸಾಲ ತೀರಿಸುವ ದಿನ. ರಾತ್ರಿ ಹೊತ್ತು ಸೈಕಲ್ ಮೇಲೆ ಹಬೆಪಾತ್ರೆ ಕಟ್ಟಿಕೊಂಡು ಬರುವ ಹೆಂಗಸಿಗೆ ಇವರು ಮೂರು ಡಜನ್ ಹೇಳಿಟ್ಟಿದ್ದರು: ಹಂದಿಮಾಂಸದ್ದು, ಕೋಳಿಯದು, ಚೀಸು ಮೆಣಸಿನಕಾಯಿಯದು. ಜೋಳದ ಹಿಟ್ಟಿನೊಳಗೆ ಹೂರಣವಿಟ್ಟು ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಕಡುಬೇ ಅಲ್ಲವೇ? ನಾನೂ ಸುಮ್ಮನಿರಲಾರದೆ ಅಕ್ಕಿಹಿಟ್ಟಿನ ಎಲೆಕಡುಬು ಮಾಡಿದೆ. ಅರಿಶಿನದ ಎಲೆ ಸಿಗಲಿಲ್ಲ, ಬಾಳೆಲೆಯಲ್ಲೇ ಕಾಯಿಬೆಲ್ಲ ಇಟ್ಟು ಮಡಚಿದೆ. ಸೆನ್ಯೋರಾ ಬಿಡಿಸಿ, ಮೂಸಿ, ತಿಂದು, ತೀರ್ಪು ಕೊಟ್ಟಳು: “ರುಚಿಯಾಗಿದೆ. ತಮಾಲೆ ಅಲ್ಲ. ಹಂದಿಯ ಕೊಬ್ಬು ಎಲ್ಲಿ?” ತಾನು ಮಾತ್ರ ನಾಲ್ಕು ತಿಂದಳು.

ಇವರ ನೋಟ್‌ಬುಕ್ಕಿನಲ್ಲಿ ಇಂದಿನ ದಾಖಲೆ: “ಪ್ಲಾಸ್ಟಿಕ್ ಮಗುವಿನ ಬಾಬ್ತು.”

ಫೆಬ್ರವರಿ 8, 9, 10

ಇವರ ಹೊಟ್ಟೆ. ಹೆಚ್ಚು ಬರೆಯುವುದಿಲ್ಲ. ಅಕ್ಕಿಗಂಜಿ, ಉಪ್ಪು, ಮೌನ.

ಫೆಬ್ರವರಿ 16, ಭಾನುವಾರ

ಟೊರಾಂಟೊದಲ್ಲಿ ಒಂದರ ಬೆನ್ನಿಗೆ ಒಂದು ಹಿಮಪಾತ. ಪಕ್ಕದ ಮನೆಯ ಹುಡುಗ ನಮ್ಮ ಅಂಗಳದ ಚಿತ್ರ ಕಳಿಸಿದ್ದಾನೆ. ಅಂಚೆಪೆಟ್ಟಿಗೆಯ ಟೋಪಿಯಷ್ಟೇ ಕಾಣುತ್ತದೆ. ಇವರು ಆ ಚಿತ್ರವನ್ನು ದಂಡೆಯಲ್ಲಿ ಕುಳಿತ ಎಲ್ಲ ಕೆನಡಿಯನ್ನರಿಗೂ ತೋರಿಸಿ ಬಂದರು. ಪ್ರತಿಯೊಬ್ಬರ ಬಳಿಯೂ ಅಂಥದೇ ಒಂದು ಚಿತ್ರವಿತ್ತು.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಬೇಗ ಬಸ್ಸು ಹಿಡಿದು ಕೊಲಿಮಾ ನಗರ. ಹಗಲಲ್ಲೇ ಹೋಗಿ ಹಗಲಲ್ಲೇ ಬನ್ನಿ, ಕತ್ತಲಾದ ಮೇಲೆ ಹೆದ್ದಾರಿ ಬೇಡ ಎಂದು ಸೆನ್ಯೋರಾ ಎರಡು ಸಲ ಹೇಳಿದ್ದಳು. ಮೆಕ್ಸಿಕೊದ ಈ ಭಾಗದ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಸುಳ್ಳೇನಲ್ಲ. ಊರಿನವರಿಗೇ ಅದು ಹೆಚ್ಚು ಗೊತ್ತು, ಅವರೇ ಕಡಿಮೆ ಮಾತಾಡುತ್ತಾರೆ.

ಉತ್ತರಕ್ಕೆ ಸುಮಾರು 3,800 ಮೀಟರ್ ಎತ್ತರದ ಬೆಂಕಿಯ ಬೆಟ್ಟ. ವಸ್ತುಸಂಗ್ರಹಾಲಯದಲ್ಲಿ ಎರಡು ಸಾವಿರ ವರ್ಷ ಹಿಂದೆ ಸತ್ತವರ ಜೊತೆ ಹೂಳಿದ ಮಣ್ಣಿನ ನಾಯಿಗಳು, ಕೊಬ್ಬಿದ, ನಗುಮುಖದ ನಾಯಿಗಳು. ಅವನ್ನೆಲ್ಲ ಬಿಡಿ. ಚೌಕದಲ್ಲಿ ಒಬ್ಬ ಮುದುಕ ಹೆಗಲ ಮೇಲೆ ದೊಡ್ಡ ಸೋರೆಬುರುಡೆ ಹೊತ್ತು ನಿಂತಿದ್ದ. ಬುರುಡೆಯ ಬಾಯಿಗೆ ಜೋಳದ ದಿಂಡಿನ ಬಿರಡೆ. “ತೂಬಾ, ತೂಬಾ ಫ್ರೆಸ್ಕಾ!”

ತೂಬಾ ಎಂದರೆ ತೆಂಗಿನ ಹೊಂಬಾಳೆಯ ರಸ. ಪದವೂ ಕೆಲಸವೂ ಫಿಲಿಪ್ಪೀನ್ಸಿನದು. ಮನಿಲಾ ಹಡಗಿನಲ್ಲಿ ಬಂದವರು ಇಲ್ಲಿಯವರಿಗೆ ಮರ ಕಟ್ಟುವುದನ್ನು ಕಲಿಸಿದರು. 17ನೇ ಶತಮಾನದಲ್ಲಿ ಸ್ಪೇನಿನ ದ್ರಾಕ್ಷಾರಸದ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ತೆಂಗಿನ ಮದ್ಯದ ಮೇಲೆ ಅಧಿಕಾರಿಗಳು ಮುಗಿಬಿದ್ದರೂ ತೂಬಾ ಉಳಿಯಿತು. ಕಾಂಡದಲ್ಲಿ ಕಚ್ಚು ಕಡಿದು ಮೆಟ್ಟಿಲು ಮಾಡಿ ಹತ್ತುವುದು, ಹೊಂಬಾಳೆಯ ತುದಿ ಕೊಯ್ದು ಪಾತ್ರೆ ಕಟ್ಟುವುದು, ಎಲ್ಲ ನಮ್ಮ ಕರಾವಳಿಯ ಶೇಂದಿಯ ಕಸುಬೇ. ಅಂದಂದೇ ಇಳಿಸಿದ ರಸಕ್ಕೆ ಅಮಲಿಲ್ಲ, ನೀರಾದಂತೆ ಸಿಹಿ. ಲೋಟದಲ್ಲಿ ಹುರಿದ ನೆಲಗಡಲೆ ತೇಲಿಸಿ ಕೊಡುತ್ತಾರೆ.

ಇವರ ಅಜ್ಜ ಒಂದೂವರೆ ಎಕರೆ ಗದ್ದೆಯನ್ನು ಹೆಂಡದಂಗಡಿಗೆ ಕುಡಿದು ಮುಗಿಸಿದವರು. ಆ ಮನೆಯಲ್ಲಿ ಮೂರು ತಲೆಮಾರು ಕಳ್ಳಿನ ಹೆಸರೆತ್ತಿಲ್ಲ. ನೀರಾ ಕೂಡ ಸಲ್ಲದು, ಅದು ಅದರ ತಮ್ಮ. ನಲವತ್ತೆರಡು ವರ್ಷದ ದಾಂಪತ್ಯದಲ್ಲಿ ಇವರು ಬಿಯರ್ ಲೋಟ ಹಿಡಿದದ್ದನ್ನೂ ನಾನು ಕಂಡಿಲ್ಲ. ಮುದುಕ ಬುರುಡೆ ಬಾಗಿಸಿದ. ಇವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊಲಿಮಾದ ಚೌಕದಲ್ಲಿ ಹಾಸನದವರು ಯಾರೂ ಇರಲಿಲ್ಲ. ಒಂದೇ ಉಸಿರಿಗೆ ಕುಡಿದು, ನೆಲಗಡಲೆ ಅಗಿಯುತ್ತ, “ಇನ್ನೊಂದು” ಎಂದರು.

ರಾತ್ರಿ ನೋಟ್‌ಬುಕ್ ತೆರೆದು ನೋಡಿದೆ. “ಕುಡಿಯುವ ನೀರು, ಎರಡು ಲೋಟ” ಎಂದು ಬರೆದಿದ್ದರು.

ಫೆಬ್ರವರಿ 26, ಬುಧವಾರ

ಬೆಳಿಗ್ಗೆ ಆರಕ್ಕೆ ಫೋನ್. ಈ ಸಲ ತಮ್ಮ ಊರಿಗೆ ಬರಬಹುದಿತ್ತಲ್ಲ ಎನ್ನಲಿಲ್ಲ. ಚಿಕ್ಕಮ್ಮ ಮಧ್ಯಾಹ್ನದ ಹೊತ್ತಿಗೆ ಹೋದಳು ಎಂದ. ಶಿವರಾತ್ರಿಯ ದಿನ, ಪುಣ್ಯವಂತೆ ಎಂದು ಎಲ್ಲರೂ ಹೇಳುತ್ತಿದ್ದಾರಂತೆ. ನಾನು ಹೊರಟರೂ ಮೂರು ವಿಮಾನ, ಎರಡು ದಿನ. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಕಾಯಲೂಬಾರದು.

ಯಾರ ನೆಂಟರೂ ಅಲ್ಲದ ಊರು ಬೇಕೆಂದು ಬಂದವಳು ನಾನೇ. ಅಂಥ ಊರಿನಲ್ಲಿ ಸಾವಿನ ಸುದ್ದಿಯನ್ನು ಯಾರಿಗೆ ಹೇಳಬೇಕು? ಇವರು ಪಾಪ, ಕಾಫಿ ಮಾಡಿ ಪಕ್ಕದಲ್ಲಿ ಇಟ್ಟು, ಏನು ಮಾತಾಡಬೇಕೆಂದು ತಿಳಿಯದೆ ಅಂಗಳ ಗುಡಿಸಿದರು. ನಾನು ತಣ್ಣೀರು ಸ್ನಾನ ಮಾಡಿ ದಂಡೆಗೆ ಹೋದೆ. ದೋಣಿಗಳು ಬಂದಿದ್ದವು. ಮೀನಿನ ಕಡೆ ನೋಡಲಿಲ್ಲ.

ನಮ್ಮ ಒಲೆ ಹಚ್ಚದ್ದನ್ನು ಸೆನ್ಯೋರಾ ಗಮನಿಸಿದ್ದಳು. ಸಂಜೆ ಸಿಹಿ ಬ್ರೆಡ್ಡು, ಚೆಕ್ಕೆ ಹಾಕಿದ ಕಾಫಿ ತಂದು ಪಕ್ಕದಲ್ಲಿ ಕೂತಳು. ನನ್ನ ಸ್ಪ್ಯಾನಿಷ್‌ನಲ್ಲಿ ‘ಅಮ್ಮನ ತಂಗಿ’ ಎನ್ನುವಷ್ಟು ಶಕ್ತಿ ಇತ್ತು. ಅವಳು ಹೆಸರು ಕೇಳಿದಳು. ಹೇಳಿದೆ. ಒಳಗೆ ಹೋಗಿ ಇಲ್ಲಿಯವರ ಮೇರಿಮಾತೆಯಾದ ಗ್ವಾದಲೂಪೆ ಮಾತೆಯ ಚಿತ್ರದ ಮುಂದೆ ಗಾಜಿನ ಲೋಟದ ಮೇಣದಬತ್ತಿ ಹಚ್ಚಿ ಆ ಹೆಸರು ಹೇಳಿದಳು. ಅವಳ ಬಾಯಲ್ಲಿ ಅದು ಬೇರೆ ಯಾರದೋ ಹೆಸರಾಗಿ ಹೊರಬಂತು. ನಾನು ತಿದ್ದಲಿಲ್ಲ.

ಮಾರ್ಚ್ 13, ಗುರುವಾರ

ಖಗ್ರಾಸ ಚಂದ್ರಗ್ರಹಣ. ಭಾರತದಲ್ಲಿ ಕಾಣುವುದಿಲ್ಲ, ಆದ್ದರಿಂದ ಆಚರಣೆಯಿಲ್ಲ ಎಂದು ತಮ್ಮ ಪಂಚಾಂಗ ನೋಡಿ ಹೇಳಿದ. ನನ್ನ ತಲೆಯ ಮೇಲೆಯೇ ಕಾಣುತ್ತದಲ್ಲ ಎಂದೆ. “ಅಲ್ಲಿಯ ಪಂಚಾಂಗ ಕೇಳು” ಎಂದ.

ಅಲ್ಲಿಯ ಪಂಚಾಂಗ ಅಂಗಳದಲ್ಲೇ ಸಿದ್ಧವಾಗಿತ್ತು. ಸೆನ್ಯೋರಾ ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಅಂಗಿಗೆ ಹೊಟ್ಟೆಯ ನೇರಕ್ಕೆ ಕೆಂಪು ರಿಬ್ಬನ್ ಇಟ್ಟು ಪಿನ್ನು ಚುಚ್ಚುತ್ತಿದ್ದಳು. ಒಂದು, ಎರಡು, ಮೂರು ಪಿನ್ನು. ಏಕೆ ಎಂದು ನಾನು ಕೇಳುವ ಮೊದಲೇ ತನ್ನ ಮೇಲ್ದುಟಿಯ ಮೇಲೆ ಬೆರಳಿಟ್ಟು ಸೀಳಿದಂತೆ ಗೆರೆ ಎಳೆದು ತೋರಿಸಿದಳು. ನನಗೆ ಮೈ ಜುಮ್ಮೆಂದಿತು. ಮಗ ಹೊಟ್ಟೆಯಲ್ಲಿದ್ದಾಗ ಒಂದು ಗ್ರಹಣದ ದಿನ ಅತ್ತೆ ನನ್ನನ್ನು ನಡುಮನೆಯಲ್ಲಿ ಕೂರಿಸಿ ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು. ಹೆಚ್ಚಬಾರದು, ಹೊಲಿಯಬಾರದು, ಮಗುವಿನ ತುಟಿ ಸೀಳುತ್ತದೆ. ಸ್ಪೇನಿನವರು ಬರುವ ಮೊದಲು ಇಲ್ಲಿಯ ಬಸುರಿಯರು ಜ್ವಾಲಾಮುಖಿಯ ಕಪ್ಪುಗಾಜಿನ ಚೂರನ್ನು ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಅದು ಕಬ್ಬಿಣವಾಯಿತು, ಪಿನ್ನಾಯಿತು. ಹುಣಸೆ, ಸಪೋಟಗಳು ಹಡಗಿನಲ್ಲಿ ಬಂದವು ಹೋದವು, ಸರಿ. ಈ ತುಟಿಯ ಭಯ ಯಾವ ಹಡಗಿನದು?

“ಎರಡು ಕಡೆಯೂ ಒಂದೇ ಮೂಢನಂಬಿಕೆ” ಎಂದು ಇವರು ನಕ್ಕರು. ಭೂಮಿಯ ನೆರಳು, ವಾತಾವರಣದಲ್ಲಿ ಬಾಗಿದ ಕೆಂಪು ಬೆಳಕು ಎಂದು ಸೊಸೆಗೆ ಕಿತ್ತಳೆ, ನಿಂಬೆಹಣ್ಣು, ಟಾರ್ಚು ಹಿಡಿದು ವಿವರಿಸಿದರು. ಅವಳು ಗೌರವದಿಂದ ಕೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಉಪ್ಪಿನಕಾಯಿ ಜಾಡಿಯ ಮೇಲೆ ಇಡಲು ದರ್ಬೆ ಹುಡುಕಿದೆ. ಅಂಗಳದ ಕುಂಡದಲ್ಲಿ ನಿಂಬೆಹುಲ್ಲು ಇತ್ತು. ಹುಲ್ಲು ಹುಲ್ಲೇ, ಎರಡು ಎಸಳು ಕಿತ್ತು ಇಟ್ಟೆ.

ಹನ್ನೆರಡೂವರೆಗೆ ಚಂದ್ರ ಪೂರ್ತಿ ಮುಳುಗಿ ಹಳೆಯ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದ. ದಂಡೆಯಲ್ಲಿ ನಾವಿಬ್ಬರು, ದೂರದಲ್ಲಿ ಕೆಲವು ಬಿಳಿತಲೆಯ ಕೆನಡಿಯನ್ನರು, ಮತ್ತೆ ನಾಯಿಗಳು. ಅಷ್ಟು ಹೊತ್ತು ಬೆಳದಿಂಗಳಿಗೆ ಅಡಗಿದ್ದ ನಕ್ಷತ್ರಗಳೆಲ್ಲ ಒಮ್ಮೆಗೆ ಹೊರಬಂದವು. ಇವರು ಗಡಿಯಾರ ನೋಡುವುದನ್ನು ಮರೆತಿದ್ದರು.

ಮಾರ್ಚ್ 17, ಸೋಮವಾರ

ಊರಿನ ಪೂರ್ತಿ ಹೆಸರು ಸಾನ್ ಪಾತ್ರಿಸಿಯೊ ಮೆಲಾಕೆ. ಐರ್ಲೆಂಡಿನ ಸಂತ ಪ್ಯಾಟ್ರಿಕ್ ಇಲ್ಲಿಯ ಊರದೇವರು, ಇಂದು ಅವನ ಜಾತ್ರೆ. ವಾರದಿಂದ ಬ್ಯಾಂಡು, ಪಟಾಕಿ, ನಿದ್ದೆಯಿಲ್ಲ. ರಾತ್ರಿ ಬಿದಿರ ಗೋಪುರಕ್ಕೆ ಬೆಂಕಿ ಹಚ್ಚಿದರು. ಚಕ್ರ ಚಕ್ರವಾಗಿ ಉರಿಯುತ್ತ ತುದಿಗೇರಿತು. ಆಮೇಲೆ ಕಾಗದದ ಗೂಳಿಯನ್ನು ತಲೆಯ ಮೇಲೆ ಹೊತ್ತ ಹುಡುಗರು, ಗೂಳಿಯ ಮೈತುಂಬ ಸಿಡಿಯುವ ಪಟಾಕಿ, ಗುಂಪಿನೊಳಗೇ ನುಗ್ಗಿದರು. ಇವರು ಓಡಿದರು. ನಾನು ನೋಡುತ್ತ ನಿಂತೆ: ಎರಡೂ ಮೊಣಕಾಲು ಮಡಚಿ, ಮೂವತ್ತು ಅಡಿ, ಎಳೆಹುಡುಗನ ಹಾಗೆ.

ಮಾರ್ಚ್ 20, ಗುರುವಾರ

ಹೊರಟೆವು. ಮುಂದಿನ ಜನವರಿಗೆ ಮುಂಗಡ ಕೊಡೋಣವೇ ಎಂದು ನಾನು ಕೇಳುವಷ್ಟರಲ್ಲಿ ಇವರ ನೋಟ್‌ಬುಕ್ಕಿನಲ್ಲಿ ಅದು ಎರಡು ದಿನ ಹಿಂದಿನ ತಾರೀಖಿನಲ್ಲಿ ಬರೆದಾಗಿತ್ತು. ಸೆನ್ಯೋರಾ ಬಸ್ಸಿನವರೆಗೆ ಬಂದಳು. “ರೋಸ್ಕಾ ಕತ್ತರಿಸುವ ಹೊತ್ತಿಗೆ ಬನ್ನಿ” ಎಂದಳು ಇವರಿಗೆ. ಇವರು ಮೊಣಕಾಲು ಮುಟ್ಟಿಕೊಂಡು ಆಗಲಿ ಎಂದರು.

ಮೇ 6, ಟೊರಾಂಟೊ

ಬೆಳಗಿನ ಕಾಫಿಯ ಹೊತ್ತಿಗೆ ಸೊಸೆಯ ಸಂದೇಶ. ಹೆಣ್ಣು ಮಗು. ತಲೆತುಂಬ ಕಪ್ಪು ಕೂದಲು, ಬಿಳಿ ಬಟ್ಟೆಯಲ್ಲಿ ಸುತ್ತಿದ ತಮಾಲೆಯಂತೆ ಮಲಗಿದೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಇವರು ಮೊಬೈಲ್ ಕಸಿದುಕೊಂಡರು. ಕಿತ್ತಳೆ ನಿಂಬೆಹಣ್ಣು ಹಿಡಿದು ಪಾಠ ಹೇಳಿದ ಮನುಷ್ಯ ಎರಡು ಬೆರಳು ಪರದೆಯ ಮೇಲಿಟ್ಟು ಅಗಲಿಸಿ, ಇನ್ನಷ್ಟು ಅಗಲಿಸಿ, ಮಗುವಿನ ತುಟಿಯನ್ನೇ ನೋಡುತ್ತಿದ್ದರು.

“ಸರಿಯಾಗಿದೆ” ಎಂದರು.